ವಿಜಯಪುರದಲ್ಲಿ ಆಫ್ರಿಕಾದ ಮಂಟಪಗಳು

ದುಬೈ ನಗರದ ಹೊರವಲಯದ ಮರಳು ಬಯಲಿನಲ್ಲಿ 2021ರ ಅಕ್ಟೋಬರ್ 1ರಂದು ಭಾರಿ ಜಾತ್ರೆಯೊಂದು ಆರಂಭವಾಯಿತು. ಅದರ ಹೆಸರು ಎಕ್ಸ್‌ಪೋ 2020. ಕೊರೊನಾ ಹಾವಳಿಯಿಂದಾಗಿ ಒಂದು ವರ್ಷ ಮುಂದಕ್ಕೆ ಹೋದರೂ ಹೆಸರಿನಲ್ಲಿ ಹಳೆಯ ಇಸವಿಯೇ ಉಳಿಯಿತು. 2022ರ ಮಾರ್ಚ್ 31ರವರೆಗೆ ಆರು ತಿಂಗಳು ನಡೆದ ಈ ವಿಶ್ವ ಪ್ರದರ್ಶನದಲ್ಲಿ 190ಕ್ಕೂ ಹೆಚ್ಚು ದೇಶಗಳು ಪಾಲುಗೊಂಡವು. ದುಬೈಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳ ಮಕ್ಕಳೂ ರಜೆಯ ದಿನಗಳಲ್ಲಿ ಅಲ್ಲಿಗೆ ಲಗ್ಗೆ ಹಾಕಿದರು. ಪ್ರತಿ ಮಗುವಿನ ಕೈಯಲ್ಲೂ ಪಾಸ್‌ಪೋರ್ಟಿನಂತಹ ಪುಟ್ಟ ಪುಸ್ತಕ. ಒಂದೊಂದು ದೇಶದ ಮಂಟಪ ನೋಡಿ ಹೊರಬಂದಾಗ ಅದರಲ್ಲಿ ಆ ದೇಶದ ಮುದ್ರೆ ಒತ್ತಿಸಿಕೊಳ್ಳುವುದೇ ಒಂದು ಸಂಭ್ರಮ.

ಈ ಪ್ರದರ್ಶನಕ್ಕೆ ಒಂದು ವಿಶೇಷವಿತ್ತು. ಪಾಲುಗೊಂಡ ಪ್ರತಿಯೊಂದು ದೇಶಕ್ಕೂ ಅಲ್ಲಿ ಸ್ವಂತ ಮಂಟಪ ದೊರಕಿತ್ತು. ವಿಶ್ವ ಪ್ರದರ್ಶನಗಳ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ಹಿಂದೆಲ್ಲ ಶ್ರೀಮಂತ ದೇಶಗಳು ತಮತಮಗೆ ಬೇಕಾದಂತೆ ಭವನ ಕಟ್ಟಿಸಿಕೊಳ್ಳುತ್ತಿದ್ದವು. ಆಫ್ರಿಕಾದ ಬಹುತೇಕ ದೇಶಗಳು ಒಂದೇ ಸೂರಿನ ಕೆಳಗೆ ಸಾಲಾಗಿ ಅಂಗಡಿ ಹೂಡಬೇಕಿತ್ತು. ದುಬೈಯಲ್ಲಿ ಇಥಿಯೋಪಿಯ, ಸುಡಾನ್, ಮಾಲಿ, ಸೆನೆಗಲ್ ಮುಂತಾದ ದೇಶಗಳೆಲ್ಲ ತಮ್ಮದೇ ಬಾಗಿಲು, ತಮ್ಮದೇ ಹೆಸರಿನ ಫಲಕದೊಂದಿಗೆ ಎದುರಾದವು.

ದುಬೈಗೆ ಹೋಗುವ ಭಾಗ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ, ನಿಜ. ಆದರೆ ವಿಜಯಪುರದ ಮಕ್ಕಳು ಅದಕ್ಕಾಗಿ ಕೊರಗಬೇಕಾಗಿಲ್ಲ. ಈ ನಾಲ್ಕೂ ದೇಶಗಳ ಮಂಟಪಗಳು ಅವರ ಊರಿನಲ್ಲಿ, ಟಿಕೋಟಾ ದಾರಿಯಲ್ಲಿ, ಬಬಲೇಶ್ವರದ ಎರೆ ಹೊಲಗಳಲ್ಲಿ ನೂರಾರು ವರ್ಷಗಳಿಂದ ತೆರೆದೇ ಇವೆ. ಟಿಕೀಟು ಬೇಕಿಲ್ಲ. ಕೊರತೆ ಒಂದೇ: ಅವುಗಳ ಮೇಲಿನ ಹೆಸರಿನ ಫಲಕ ನಮ್ಮ ಮನಸ್ಸಿನಿಂದ ಎಂದೋ ಕಳಚಿಬಿದ್ದಿದೆ.

ಪ್ರದರ್ಶನದ ವಸ್ತುವಾಗಿದ್ದ ಮನುಷ್ಯರು

ಊರು ಸುತ್ತುವ ಮೊದಲು ಇಂತಹ ಪ್ರದರ್ಶನಗಳ ಹಳೆಯ ಕಥೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಇವುಗಳಲ್ಲಿ ಮೊದಲನೆಯದು 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆಯಿತು. ಐಫೆಲ್ ಗೋಪುರ ತಲೆಯೆತ್ತಿದ್ದು 1889ರ ಪ್ಯಾರಿಸ್ ಪ್ರದರ್ಶನಕ್ಕಾಗಿ. ಪಾಠ ಪುಸ್ತಕಗಳು ಗೋಪುರದ ಎತ್ತರವನ್ನು ಹೇಳುತ್ತವೆ. ಅದೇ ಪ್ರದರ್ಶನಕ್ಕೆ ವಸಾಹತುಗಳಿಂದ ಆಫ್ರಿಕಾದ ಜನರನ್ನು ಕರೆತಂದು, ಕೃತಕ ಹಳ್ಳಿ ಕಟ್ಟಿ, ಅದರೊಳಗೆ ಅವರನ್ನು ಕೂರಿಸಿ ತೋರಿಸಿದ್ದನ್ನು ಹೇಳುವುದಿಲ್ಲ. ನೋಡುವವರು ಬೇಲಿಯ ಈಚೆ, ನೋಡಿಸಿಕೊಳ್ಳುವವರು ಆಚೆ.

ಇದು ಬಹಳ ಹಿಂದಿನ ಮಾತೇನೂ ಅಲ್ಲ. 1958ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಪರಮಾಣು ಯುಗದ ಸಂಕೇತವಾಗಿ 'ಆಟೋಮಿಯಂ' ಎಂಬ ಬೃಹತ್ ರಚನೆ ನಿಲ್ಲಿಸಿದರಲ್ಲ, ಆ ಪ್ರದರ್ಶನದಲ್ಲೂ ಬಿದಿರಿನ ಬೇಲಿಯ ಹಿಂದೆ ಕಾಂಗೋ ದೇಶದ ಕುಟುಂಬಗಳನ್ನು ಕೂರಿಸಲಾಗಿತ್ತು. ಕೆಲವು ಪ್ರೇಕ್ಷಕರು ಅವರತ್ತ ಬಾಳೆಹಣ್ಣು ಎಸೆದರು. ಅವಮಾನ ತಾಳಲಾರದೆ ಆ ಜನ ಪ್ರದರ್ಶನ ಮುಗಿಯುವ ಮೊದಲೇ ತಮ್ಮ ನಾಡಿಗೆ ಮರಳಿದರು. ಎರಡೇ ವರ್ಷಗಳಲ್ಲಿ, 1960ರಲ್ಲಿ, ಕಾಂಗೋ ಸ್ವತಂತ್ರವಾಯಿತು. ಆ ಒಂದೇ ವರ್ಷ ಆಫ್ರಿಕಾದ 17 ದೇಶಗಳು ಸ್ವಾತಂತ್ರ್ಯ ಪಡೆದವು. 1967ರಲ್ಲಿ ಕೆನಡಾದ ಮಾಂಟ್ರಿಯಲ್ ಪ್ರದರ್ಶನದ ವೇಳೆಗೆ 'ಆಫ್ರಿಕಾ ಪ್ಲೇಸ್' ಎಂಬ ಸಾಮೂಹಿಕ ಮಂಟಪದಲ್ಲಿ ಆಫ್ರಿಕಾದ ದೇಶಗಳು ತಮ್ಮ ಕಥೆಯನ್ನು ತಾವೇ ಹೇಳತೊಡಗಿದ್ದವು. ಬೇಲಿಯ ಹಿಂದಿನಿಂದ ಮಂಟಪದ ಬಾಗಿಲಿಗೆ ಬರಲು ಹಿಡಿದ ಈ ದಾರಿ ಸಣ್ಣದಲ್ಲ.

ಇಥಿಯೋಪಿಯ: ಅತ್ತರಿನ ಹೆಸರಿನವರು

ಚಳಿಗಾಲ ಬಂತೆಂದರೆ ಗೋಲಗುಮ್ಮಟದ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಮಕ್ಕಳು ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿ, ಪ್ರತಿಧ್ವನಿ ಎಣಿಸಿ ಇಳಿಯುತ್ತಾರೆ. ಕೆಳಗೆ ಮಲಗಿರುವ ಸುಲ್ತಾನ ಮಹಮ್ಮದ್ ಆದಿಲ್‌ಶಾಹ (ಆಳ್ವಿಕೆ 1627ರಿಂದ 1656) ಎಂಬುದೂ ಅವರಿಗೆ ಗೊತ್ತು. ಆದರೆ ಆ ಸುಲ್ತಾನನ ಬಲಗೈಯಂತಿದ್ದ ವಜೀರ ಯಾರೆಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ. ಆತನ ಹೆಸರು ಮಲಿಕ್ ರಿಹಾನ್; ಬಿರುದು ಇಖ್ಲಾಸ್ ಖಾನ್. ಮೂಲ ಇಥಿಯೋಪಿಯ.

ಇಥಿಯೋಪಿಯವನ್ನು ಅರಬರು 'ಹಬಶ್' ಎನ್ನುತ್ತಿದ್ದರು. ಅಲ್ಲಿಂದ ಬಂದವರು ಹಬಶಿಗಳು. ಆ ಕಾಲದಲ್ಲಿ ಕೆಂಪು ಸಮುದ್ರದ ಬಂದರುಗಳಿಂದ ಎಳೆಯ ಹುಡುಗರನ್ನು ಗುಲಾಮರಾಗಿ ಮಾರುತ್ತಿದ್ದರು. ಅರಬ್ಬಿ ಸಮುದ್ರ ದಾಟಿ ದಾಬೋಲ್, ಚೌಲ್, ಗೋವೆಗಳಲ್ಲಿ ಇಳಿದವರು ದಖ್ಖನಿನ ಸುಲ್ತಾನರ ಸೈನ್ಯ ಸೇರುತ್ತಿದ್ದರು. ಹಡಗುಗಳನ್ನು ಇತ್ತ ತಳ್ಳುತ್ತಿದ್ದದ್ದು ನಮಗೆ ಮಳೆ ತರುವ ಅದೇ ನೈಋತ್ಯ ಮಾರುತ. ಮರಳಿ ಒಯ್ಯುತ್ತಿದ್ದದ್ದು ಚಳಿಗಾಲದ ಈಶಾನ್ಯ ಮಾರುತ. ಭೂಗೋಳದ ಪಾಠದ ಆ ಎರಡು ಬಾಣದ ಗುರುತುಗಳ ಮೇಲೆ ಎಷ್ಟೋ ತಾಯಂದಿರ ಕಣ್ಣೀರೂ ಹರಿದಿದೆ.

ಗುಲಾಮರಾಗಿ ಬಂದವರಿಗೆ ಹೊಸ ಯಜಮಾನ ಹೊಸ ಹೆಸರು ಇಡುತ್ತಿದ್ದ. ಆ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅಂಬರ್ ಎಂದರೆ ತಿಮಿಂಗಿಲದಿಂದ ದೊರೆಯುವ ಸುಗಂಧ ದ್ರವ್ಯ. ರಿಹಾನ್ ಎಂದರೆ ಕಾಮಕಸ್ತೂರಿ. ಸಂದಲ್ ಎಂದರೆ ಗಂಧದ ಮರ. ಯಾಕೂತ್ ಎಂದರೆ ಮಾಣಿಕ್ಯ. ಜೌಹರ್ ಎಂದರೆ ರತ್ನ. ಮಾರುಕಟ್ಟೆಯಲ್ಲಿ ಬೆಲೆಬಾಳುವ ಸರಕುಗಳ ಹೆಸರನ್ನೇ ಮನುಷ್ಯರಿಗೂ ಇಟ್ಟಿದ್ದರು. ಸರಕಾಗಿ ಬಂದವರು ಸರಕಾಗಿ ಉಳಿಯಲಿಲ್ಲ ಎಂಬುದು ವಿಜಯಪುರದ ಕಥೆಯ ಸೊಗಸು.

ಗೋಲಗುಮ್ಮಟದಿಂದ ಸ್ವಲ್ಪ ದೂರದ ಜಾಮಿಯಾ ಮಸೀದಿಗೆ ಬಂದರೆ ಅದರ ಮಿಹ್ರಾಬಿನ ಚಿನ್ನದ ಕೆಲಸ ಕಣ್ಣು ಕೋರೈಸುತ್ತದೆ. 1636ರಲ್ಲಿ ಅದನ್ನು ಮಾಡಿಸಿದವನು ದಾಬೋಲಿನ ಯಾಕೂತ್. ಅಲ್ಲಿನ ಬರಹದಲ್ಲಿ ಆತ ತನ್ನನ್ನು ಮಸೀದಿಯ ಸೇವಕ, ಸುಲ್ತಾನನ ಗುಲಾಮ ಎಂದು ಕರೆದುಕೊಂಡಿದ್ದಾನೆ. ಊರಿನ ಪಶ್ಚಿಮಕ್ಕೆ ಇಬ್ರಾಹಿಂ ರೋಜಾ ಇದೆ. ಕಲ್ಲಿನಲ್ಲಿ ಅಕ್ಷರಗಳನ್ನು ಜರಡಿಯಂತೆ ಕೊರೆದ ಅದರ ಕಿಟಕಿಗಳನ್ನು ನೋಡಿದವರು ಮರೆಯುವುದಿಲ್ಲ. ಆ ಕಟ್ಟಡವನ್ನು ಪೂರೈಸಿದವನು ಮಲಿಕ್ ಸಂದಲ್. ಈ ಇಬ್ಬರೂ ಹಬಶಿಗಳೇ ಇರಬೇಕೆಂದು ಹಲವು ಇತಿಹಾಸಕಾರರು ಎಣಿಸುತ್ತಾರೆ. ಅದಕ್ಕೂ ಹಿಂದೆ, ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇನ್ನೂ ಬಾಲಕನಾಗಿದ್ದಾಗ, 1582ರಿಂದ 1590ರವರೆಗೆ ರಾಜ್ಯದ ಚುಕ್ಕಾಣಿ ಹಿಡಿದವನು ದಿಲಾವರ್ ಖಾನ್ ಎಂಬ ಹಬಶಿ. 1660ರಲ್ಲಿ ಪನ್ಹಾಳ ಕೋಟೆಗೆ ಮುತ್ತಿಗೆ ಹಾಕಿ ಶಿವಾಜಿ ಮಹಾರಾಜರನ್ನು ಇಕ್ಕಟ್ಟಿಗೆ ಸಿಲುಕಿಸಿದ ವಿಜಾಪುರದ ಸೇನಾಪತಿ ಸಿದ್ದಿ ಜೌಹರ್ ಸಹ ಅದೇ ಮೂಲದವನು.

ಇಖ್ಲಾಸ್ ಖಾನನ ಮುಖ ಹೇಗಿತ್ತೆಂದು ಊಹಿಸಬೇಕಾಗಿಲ್ಲ; ಆಸ್ಥಾನದ ಚಿತ್ರಕಾರರು ಬರೆದಿಟ್ಟಿದ್ದಾರೆ. ಸುಮಾರು 1645ರ ಒಂದು ಪ್ರಸಿದ್ಧ ಚಿತ್ರದಲ್ಲಿ ಸುಲ್ತಾನ ಮತ್ತು ಇಖ್ಲಾಸ್ ಖಾನ್ ಇಬ್ಬರೂ ಒಂದೇ ಆನೆಯ ಮೇಲೆ ಕುಳಿತಿದ್ದಾರೆ. ಕೈಯಲ್ಲಿ ಅರ್ಜಿ ಹಿಡಿದ ಆತನ ಇನ್ನೊಂದು ಚಿತ್ರ ಅಮೆರಿಕದ ಸ್ಯಾನ್ ಡಿಯೇಗೊ ಕಲಾ ಸಂಗ್ರಹಾಲಯದಲ್ಲಿದೆ. 2013ರಲ್ಲಿ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದ ಶಾಂಬರ್ಗ್ ಕೇಂದ್ರ 'ಭಾರತದಲ್ಲಿ ಆಫ್ರಿಕನ್ನರು: ಗುಲಾಮರಿಂದ ಸೇನಾಪತಿ, ಆಳರಸರವರೆಗೆ' ಎಂಬ ಪ್ರದರ್ಶನ ಏರ್ಪಡಿಸಿತು. ಮರುವರ್ಷ ಅದು ದೆಹಲಿಗೂ ಬಂತು. ಇಂತಹ ಪ್ರದರ್ಶನಕ್ಕೆ ಆಧಾರವಾದ ಇತಿಹಾಸದ ಒಂದು ದೊಡ್ಡ ಭಾಗ ನಡೆದದ್ದು ನಮ್ಮ ಊರಿನ ಓಣಿಗಳಲ್ಲಿ.

ಸೆನೆಗಲ್: ತಲೆಕೆಳಗಾದ ಮರ

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಾಜ್ಯಲಾಂಛನದಲ್ಲಿ ಒಂದು ಮರವಿದೆ. ಬುಡ ಆನೆಯ ಮೈಯಷ್ಟು ದಪ್ಪ, ಕೊಂಬೆ ಮಾತ್ರ ಬೇರಿನಂತೆ ಸಣ್ಣ. ಯಾರೋ ಕಿತ್ತು ತಲೆಕೆಳಗಾಗಿ ನೆಟ್ಟಂತೆ ಕಾಣುತ್ತದೆ. ಅದೇ ಬಾವೊಬಾಬ್. ವಿಜಯಪುರದ ಹಿರಿಯರಿಗೆ ಇದು ಹೊಸದಲ್ಲ. ಯೋಗಾಪುರದ ದರ್ಗಾದ ಬಳಿ ಇಂತಹ ಮರವನ್ನು ಅವರು ಚಿಕ್ಕಂದಿನಿಂದ ಕಂಡಿದ್ದಾರೆ. ಉರ್ದು ಮಾತಿನವರು ಇದನ್ನು ಗೋರಖ್ ಇಮ್ಲಿ ಎಂದರೆ, ಕನ್ನಡದವರು ದೊಡ್ಡ ಹುಣಸೆ ಎನ್ನುತ್ತಾರೆ. ಕಾಯಿಯೊಳಗಿನ ಹಿಟ್ಟಿನಂತಹ ತಿರುಳು ಹುಳಿ. ಅದರಲ್ಲಿ ಸಿ ಜೀವಸತ್ವ ಹೇರಳ. ಹುಣಸೆಗೂ ಇದಕ್ಕೂ ನಂಟು ಅಷ್ಟೇ, ಕುಲ ಬೇರೆ.

ಈ ಮರದ ದಪ್ಪ ಬುಡ ಒಂದು ನೀರಿನ ತೊಟ್ಟಿ. ಮಳೆಗಾಲದಲ್ಲಿ ಮೆತ್ತನೆಯ ಕಾಂಡ ನೀರು ಕುಡಿದು ಉಬ್ಬುತ್ತದೆ. ಒಣ ತಿಂಗಳುಗಳಲ್ಲಿ ಮರ ಎಲೆ ಉದುರಿಸಿ, ಆವಿಯಾಗಿ ಹೋಗುವ ನೀರನ್ನು ಉಳಿಸಿಕೊಂಡು ಸುಮ್ಮನೆ ನಿಲ್ಲುತ್ತದೆ. ದೊಡ್ಡ ಬಿಳಿ ಹೂವು ಅರಳುವುದು ಸಂಜೆಗತ್ತಲಲ್ಲಿ. ಪರಾಗಸ್ಪರ್ಶ ಮಾಡುವವು ಬಾವಲಿಗಳು. ಹಗಲು ನೋಡಿ ಹೋದವರಿಗೆ ಈ ಮರದ ಅರ್ಧ ಬಾಳು ಕಾಣುವುದೇ ಇಲ್ಲ.

ಇಂತಹ ಮರಗಳ ವಯಸ್ಸಿನ ಬಗ್ಗೆ ಬಾಯಿಂದ ಬಾಯಿಗೆ ಸಾವಿರಾರು ವರ್ಷಗಳ ಲೆಕ್ಕ ಹರಿದಾಡುತ್ತದೆ. ನಂಬುವ ಮುನ್ನ ನಿಲ್ಲಬೇಕು. ಬಾವೊಬಾಬಿನ ಕಾಂಡ ಪೊಳ್ಳಾಗುವುದರಿಂದ ತೇಗದ ಮರದಂತೆ ಬಳೆ ಎಣಿಸಿ ವಯಸ್ಸು ಹೇಳಲಾಗದು. ರೇಡಿಯೋ ಕಾರ್ಬನ್ ವಿಧಾನವೇ ಗತಿ. ಆಫ್ರಿಕಾದಲ್ಲೇ ಹಾಗೆ ಅಳೆದ ಅತಿ ಹಳೆಯ ಮರಕ್ಕೆ ಸುಮಾರು 2450 ವರ್ಷ. ನಮ್ಮ ನಾಡಿನ ಮರಗಳ ಬೇರು ಎಲ್ಲಿಯದು ಎಂಬುದನ್ನು ಡಿಎನ್ಎ ಹೇಳಿದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಬಾವೊಬಾಬ್ ಭಾರತಕ್ಕೆ ಒಂದೇ ಸಲ ಬಂದದ್ದಲ್ಲ. ಬೇರೆ ಬೇರೆ ಕಾಲದಲ್ಲಿ ಆಫ್ರಿಕಾದ ಬೇರೆ ಬೇರೆ ತೀರಗಳಿಂದ ಬಂದಿದೆ. ಅದನ್ನು ತಂದವರಲ್ಲಿ ವ್ಯಾಪಾರಿಗಳಿದ್ದರು, ಸೈನಿಕರಿದ್ದರು, ಗುಲಾಮರೂ ಇದ್ದರು. ತನ್ನದೆಂದು ಹೇಳಿಕೊಳ್ಳಲು ಹೆಸರನ್ನೂ ಉಳಿಸಿಕೊಳ್ಳಲಾಗದವನು ಒಂದು ಬೀಜ ಉಳಿಸಿಕೊಂಡಿದ್ದರೆ ಅದೂ ಸಣ್ಣ ಆಸ್ತಿಯಲ್ಲ.

ಈ ಆಸ್ತಿ ಈಗ ಅಪಾಯದಲ್ಲಿದೆ. ಆಫ್ರಿಕಾದ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಮರಗಳು 2005ರಿಂದೀಚೆಗೆ ಪೂರ್ಣವಾಗಿಯೋ ಭಾಗಶಃವೋ ಸತ್ತಿವೆ ಎಂದು 2018ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹವಾಮಾನದ ಏರುಪೇರು ಕಾರಣವಿರಬಹುದೆಂಬ ಶಂಕೆ ಅವರದು. ನಮ್ಮ ಹಾವೇರಿ ಜಿಲ್ಲೆಯ ಸವಣೂರಿನ ಮಠದ ಮೂರು ದೊಡ್ಡ ಹುಣಸೆ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿಬಿತ್ತು. ಜನ ಅದನ್ನು ಸೌದೆ ಮಾಡಲಿಲ್ಲ. ಯಂತ್ರಗಳ ನೆರವಿನಿಂದ ಎತ್ತಿ ಮತ್ತೆ ನೆಟ್ಟರು. ದೂರದ ನೆಂಟನನ್ನು ಕೈಹಿಡಿದು ಎಬ್ಬಿಸಿದ ಹಾಗೆ.

ಸುಡಾನ್: ಟಿಕೋಟಾ ದಾರಿಯ ಜೋಳ

ಇಬ್ರಾಹಿಂ ರೋಜಾದಿಂದ ಪಶ್ಚಿಮಕ್ಕೆ ಅಥಣಿಯ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ತೊರವಿ. ಲಕ್ಷ್ಮೀನರಸಿಂಹನ ಗುಡಿಯಿಂದಲೂ ತೊರವೆ ರಾಮಾಯಣದಿಂದಲೂ ಹೆಸರಾದ ಊರು. ಸಂಗೀತಪ್ರಿಯ ಎರಡನೆಯ ಇಬ್ರಾಹಿಂ 1599ರಲ್ಲಿ ಕಟ್ಟಿಸತೊಡಗಿದ ನವರಸಪುರದ ಅವಶೇಷಗಳು ಇಲ್ಲಿವೆ. ಈ ಹೊಸ ರಾಜಧಾನಿಯನ್ನು 1624ರಲ್ಲಿ ಹಾಳುಗೆಡವಿದವನೂ ಒಬ್ಬ ಹಬಶಿಯೇ ಎಂಬುದು ಕುತೂಹಲದ ಸಂಗತಿ. ಆತ ಅಹಮದ್‌ನಗರದ ಪ್ರಸಿದ್ಧ ವಜೀರ ಮಲಿಕ್ ಅಂಬರ್. ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಕೈ ದಾಟಿ ಮಾರಾಟವಾಗಿ ದಖ್ಖನಿಗೆ ಬಂದವನು; ಕೆಲಕಾಲ ವಿಜಾಪುರದ ಸೇವೆಯಲ್ಲೂ ಇದ್ದವನು. ಊರು ಕಟ್ಟಿದವರಲ್ಲೂ ಆಫ್ರಿಕಾದವರು, ಕೆಡವಿದವರಲ್ಲೂ ಆಫ್ರಿಕಾದವರು. ಇತಿಹಾಸವನ್ನು ಒಂದೇ ಬಣ್ಣದಲ್ಲಿ ಬರೆಯಲಾಗದು ಎಂಬುದಕ್ಕೆ ತೊರವಿಯ ಮೊಂಡು ಗೋಡೆಗಳೇ ಸಾಕ್ಷಿ.

ತೊರವಿ ದಾಟಿದರೆ ಬಯಲು. ವಿಜಯಪುರದಿಂದ ಸುಮಾರು 20 ಕಿಲೋಮೀಟರ್ ದೂರದ ಟಿಕೋಟಾ ಈಗ ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಹೆಸರುವಾಸಿ. ಆದರೂ ಡಿಸೆಂಬರಿನಲ್ಲಿ ಹೋದರೆ ದ್ರಾಕ್ಷಿ ಚಪ್ಪರಗಳ ನಡುನಡುವೆ ಹಿಂಗಾರಿ ಜೋಳದ ಹೊಲಗಳು ಎದೆಯೆತ್ತರ ನಿಂತಿರುತ್ತವೆ. ಇದಕ್ಕಿಂತ ನಮ್ಮದಾದ ಬೆಳೆ ಇನ್ನೊಂದಿಲ್ಲ ಎಂದು ಇಲ್ಲಿನ ರೈತ ಎದೆ ತಟ್ಟಿ ಹೇಳುತ್ತಾನೆ. ಆತ ಹೇಳುವುದು ಸುಳ್ಳಲ್ಲ. ಆದರೆ ಈ ಜೋಳದ ತವರುಮನೆ ಆಫ್ರಿಕಾ.

ಪೂರ್ವ ಸುಡಾನಿನ ಕಸ್ಸಲಾ ಸಮೀಪ ಸಿಕ್ಕಿದ ಹಳೆಯ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚುಗಳು ಉಳಿದಿವೆ. ಜೇಡಿಮಣ್ಣಿಗೆ ಹೊಟ್ಟು ಬೆರೆಸಿ ಮಡಕೆ ಮಾಡಿದ್ದರಿಂದ ಅವು ಹಾಗೆ ಅಚ್ಚಾದವು. ವಯಸ್ಸು ಸುಮಾರು 5000 ವರ್ಷ. ಕಾಡು ಜೋಳದ ಕಾಳು ಬಲಿತಾಗ ತಾನೇ ಉದುರುತ್ತದೆ. ತೊಟ್ಟಿನ ಗಾಯ ನುಣುಪಾಗಿರುತ್ತದೆ. ಸಾಕಿದ ಜೋಳ ಉದುರದೆ ತೆನೆಯಲ್ಲೇ ನಿಲ್ಲುತ್ತದೆ. ಬಡಿದಾಗ ತೊಟ್ಟು ಹರಿದು ಗಾಯ ಒರಟಾಗುತ್ತದೆ. ಆ ಚೂರುಗಳಲ್ಲಿ ಎರಡೂ ಬಗೆಯ ಗಾಯಗಳಿದ್ದವು. ಅಂದರೆ ಕಾಡು ಬೆಳೆ ಊರು ಬೆಳೆಯಾಗುತ್ತಿದ್ದ ಕ್ಷಣವೇ ಅಲ್ಲಿ ಅಚ್ಚಾಗಿತ್ತು. 2017ರಲ್ಲಿ ಈ ಶೋಧ ಪ್ರಕಟವಾಯಿತು. ಅಲ್ಲಿಂದ ಹೊರಟ ಜೋಳ ಭಾರತ ತಲುಪಿ ಮೂರೂವರೆ ಸಾವಿರ ವರ್ಷಗಳಿಗೂ ಹೆಚ್ಚಾಯಿತು. ಗೋಲಗುಮ್ಮಟಕ್ಕೆ ನಾಲ್ಕು ನೂರು ವರ್ಷವೂ ತುಂಬಿಲ್ಲ. ಹಾಗಿರುವಾಗ ಯಾರು ಹಳಬರು, ಯಾರು ಹೊಸಬರು?

ಈ ಬಯಲಿನಲ್ಲಿ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಮಾಲದಂಡಿ ಜೋಳವನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಮೇಲೆ ಅದಕ್ಕೆ ಮಳೆ ಸಿಕ್ಕರೆ ಪುಣ್ಯ. ಎರೆ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಅದು ಬೆಳೆಯಬೇಕು. ಬೆಳೆಯುವುದು ಹೇಗೆ? ಜೋಳದ ದ್ಯುತಿಸಂಶ್ಲೇಷಣೆ 'ಸಿ-4' ಎಂಬ ಬಗೆಯದು. ಪತ್ರರಂಧ್ರಗಳನ್ನು ಸ್ವಲ್ಪವೇ ತೆರೆದರೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಗಟ್ಟಿಯಾಗಿ ಹಿಡಿಯಬಲ್ಲದು. ಹೀಗಾಗಿ ನೀರು ಕಡಿಮೆ ಸೋರುತ್ತದೆ. ಎಲೆಗೆ ಮೇಣದ ಲೇಪ. ಬಿಸಿಲು ಹೆಚ್ಚಾದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಕಿಲೋ ಒಣ ಸೊಪ್ಪು-ಕಾಳು ಕಟ್ಟಲು ಜೋಳಕ್ಕೆ ಸುಮಾರು 300 ಲೀಟರ್ ನೀರು ಸಾಕು. ಗೋಧಿಗೆ 500, ಭತ್ತಕ್ಕೆ 700 ಲೀಟರಿನಷ್ಟು ಬೇಕು. ಈ ವಿದ್ಯೆಯನ್ನು ಅದು ಕಲಿತು ಬಂದದ್ದು ಸಹಾರಾದ ಅಂಚಿನಲ್ಲಿ. ಬರಗಾಲದಲ್ಲಿ ವಿಜಾಪುರ ಸೀಮೆಯನ್ನು ಕಾಪಾಡಿದ ವಿದ್ಯೆ ಅದೇ.

ಸುಡಾನಿನ ಜನ ಇದೇ ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ 'ಕಿಸ್ರಾ' ಎಂಬ ರೊಟ್ಟಿ ಮಾಡುತ್ತಾರೆ. ನಮ್ಮ ತಾಯಂದಿರು ಬಿಸಿನೀರಿನಲ್ಲಿ ಹಿಟ್ಟು ನಾದಿ ಬಡಿಯುತ್ತಾರೆ. ಕೈಚಳಕ ಬೇರೆ, ಕಾಳು ಒಂದೇ.

ಮಾಲಿ: ಬಬಲೇಶ್ವರದ ಬುತ್ತಿ

ಟಿಕೋಟಾದಿಂದ ಹಳ್ಳಿಗಳ ಒಳದಾರಿ ಹಿಡಿದು ಬಂದರೂ ಸರಿ, ವಿಜಯಪುರದಿಂದ ಜಮಖಂಡಿ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್ ಬಂದರೂ ಸರಿ, ಬಬಲೇಶ್ವರ ಸಿಗುತ್ತದೆ. ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಮಮದಾಪುರದ ಕೆರೆ ಈ ಸೀಮೆಯದೇ. ಇಲ್ಲಿಗೆ ಬರಬೇಕಾದ ಸರಿಯಾದ ದಿನವೆಂದರೆ ಎಳ್ಳ ಅಮಾವಾಸ್ಯೆ. ಅಂದು ಮನೆಮಂದಿಯೆಲ್ಲ ಚಕ್ಕಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುತ್ತಾರೆ. ಬೆಳೆ ಹೊತ್ತ ಭೂಮಿತಾಯಿ ಬಸುರಿ. ಆಕೆಯ ಬಯಕೆ ತೀರಿಸಲು ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಕುಳಿತು ಉಣ್ಣುತ್ತಾರೆ.

ಆ ಬುತ್ತಿಯನ್ನು ಬಿಚ್ಚಿ ನೋಡಿದರೆ ಅದೇ ಒಂದು ವಿಶ್ವ ಪ್ರದರ್ಶನ. ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ: ಎಳ್ಳು ಭಾರತದ್ದು, ಸಜ್ಜೆ ಆಫ್ರಿಕಾದ್ದು. ಮಾಲಿ ದೇಶದ ಈಶಾನ್ಯದ ತಿಲೆಮ್ಸಿ ಕಣಿವೆಯಲ್ಲಿ ಸುಮಾರು 4500 ವರ್ಷಗಳ ಹಿಂದಿನ ಮಡಕೆಗಳಲ್ಲಿ ಸಾಕಿದ ಸಜ್ಜೆಯ ಅಚ್ಚುಗಳು ಸಿಕ್ಕಿವೆ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲೂ ಪ್ರಾಚೀನ ಸಜ್ಜೆಯ ಕಾಳು ದೊರೆತಿದೆ. ಬದನೆಕಾಯಿ ಎಣ್ಣಗಾಯಿ: ಬದನೆ ನಮ್ಮ ಕಡೆಯದು, ಅದಕ್ಕೆ ತುಂಬಿದ ಮಸಾಲೆಯ ಮೆಣಸಿನಕಾಯಿ ಅಮೆರಿಕ ಖಂಡದ್ದು. ಶೇಂಗಾ ಹೋಳಿಗೆ: ಶೇಂಗಾ ದಕ್ಷಿಣ ಅಮೆರಿಕದ್ದು. ಅಲಸಂದಿ ಕಾಳಿನ ಪಲ್ಯವಿದ್ದರೆ ಅದರ ಕಾಳು ಮತ್ತೆ ಆಫ್ರಿಕಾದ್ದೇ. ಬೇಸಿಗೆಯಲ್ಲಿ ತಿನ್ನುವ ಕಲ್ಲಂಗಡಿ, ತಲೆಗೆ ಹಚ್ಚುವ ಔಡಲೆಣ್ಣೆ, ದಕ್ಷಿಣದವರ ರಾಗಿ, ಎಲ್ಲವುಗಳ ಮೂಲವೂ ಆ ಖಂಡವೇ.

ಇನ್ನು ಸಾರಿಗೆ ಹುಳಿ ಕೊಡುವ ಹುಣಸೆಯ ಕಥೆ ಎಲ್ಲಕ್ಕಿಂತ ಸ್ವಾರಸ್ಯ. ಅರಬರು ಅದನ್ನು 'ತಮರ್ ಹಿಂದಿ', ಅಂದರೆ ಭಾರತದ ಖರ್ಜೂರ ಎಂದು ಕರೆದರು. ಇಂಗ್ಲಿಷಿನ ಟ್ಯಾಮರಿಂಡ್ ಹುಟ್ಟಿದ್ದು ಅಲ್ಲಿಂದಲೇ. ಸಸ್ಯಶಾಸ್ತ್ರೀಯ ಹೆಸರಿನಲ್ಲೂ 'ಇಂಡಿಕಾ' ಎಂದೇ ಇದೆ. ಆದರೆ ಮರದ ಮೂಲ ಉಷ್ಣವಲಯದ ಆಫ್ರಿಕಾ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ನಮ್ಮ ನಾಡಿಗೆ ಅದು ಎಷ್ಟು ಹೊಂದಿಕೊಂಡಿತೆಂದರೆ ನೋಡಿದವರು ಇದು ಭಾರತದ್ದೇ ಎಂದು ಹೆಸರಿಟ್ಟರು. ಬಂದವರು ಮನೆಯವರಾಗುವುದೆಂದರೆ ಹೀಗೆ.

ಬಬಲೇಶ್ವರದ ಹೊಲಗಳೂ ಬದಲಾಗುತ್ತಿವೆ. ಏತ ನೀರಾವರಿಯ ಕಾಲುವೆ ಬಂದಲ್ಲೆಲ್ಲ ಕಬ್ಬು, ದ್ರಾಕ್ಷಿ ಹಬ್ಬಿವೆ. ನೀರು ಕಂಡರಿಯದ ನೆಲಕ್ಕೆ ನೀರು ಬಂದದ್ದು ದೊಡ್ಡ ಸಂಗತಿ. ಅದಕ್ಕಾಗಿ ರೈತ ನಕ್ಕರೆ ತಪ್ಪಿಲ್ಲ. ಆದರೆ ಜೋಳ ಕಡಿಮೆಯಾದಂತೆ ದನಕ್ಕೆ ಕಣಕಿ ಕಡಿಮೆ, ಚಳಿಗಾಲದಲ್ಲಿ ಮಕ್ಕಳಿಗೆ ಸೀತನಿ ಕಡಿಮೆ. ಭಾರತದ ಸಲಹೆಯಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ನಗರದ ಅಂಗಡಿಗಳಲ್ಲಿ ಜೋಳ, ಸಜ್ಜೆ ಚಂದದ ಪೊಟ್ಟಣದಲ್ಲಿ ಕುಳಿತವು. ಹೊಲದಲ್ಲಿ ಕಳೆದುಕೊಂಡದ್ದನ್ನು ಪೊಟ್ಟಣದಲ್ಲಿ ಹುಡುಕುವ ಕಾಲ ಬಾರದಿರಲಿ.

ಮರಳಿ ಬರುವಾಗ

ಸಂಜೆ ವಿಜಯಪುರಕ್ಕೆ ಮರಳುವಾಗ ದೂರದಿಂದಲೇ ಗುಮ್ಮಟ ಕಾಣುತ್ತದೆ. ಇಷ್ಟೆಲ್ಲ ನೋಡಿ ಬಂದದ್ದರ ಫಲವೇನು ಎಂದು ತಂದೆತಾಯಿ ಕೇಳಬಹುದು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗದು, ನಿಜ. ಆದರೆ ಒಂದು ಘಟನೆಯನ್ನು ನೆನೆಯಬೇಕು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಅಪಘಾತಕ್ಕೂ ಆಕೆಗೂ ಸಂಬಂಧವಿರಲಿಲ್ಲ. ಆಕೆಯ ಬಣ್ಣವೇ ಆಕೆಯ ಅಪರಾಧವಾಯಿತು. ಆ ಗುಂಪಿನಲ್ಲಿ ಶಾಲೆ ಕಲಿತವರು ಇರಲಿಲ್ಲ ಎನ್ನಲಾದೀತೇ?

ಬ್ರಸೆಲ್ಸಿನ ಬಿದಿರು ಬೇಲಿ 1958ರಲ್ಲೇ ಮುರಿದುಬಿತ್ತು ಎಂದುಕೊಂಡರೆ ಸಾಲದು. ಆಫ್ರಿಕಾದವರನ್ನು ಕಂಡು ಬೆರಳು ತೋರಿಸಿ ನಗುವ ಪ್ರತಿ ಮಗುವಿನ ಕೈಯಲ್ಲೂ ಆ ಬೇಲಿಯ ಒಂದು ಗಳು ಇದೆ. ಅದನ್ನು ಕೆಳಗಿಡಿಸುವುದು ಮನೆಯ ಕೆಲಸ, ಶಾಲೆಯ ಕೆಲಸ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಬಾಳುವ ಸಿದ್ದಿ ಜನ ಆಫ್ರಿಕಾ ಮೂಲದ ಕನ್ನಡಿಗರು. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಗುಲಾಮನೊಬ್ಬ ವಜೀರನಾಗಲು ಆ ಕಾಲದ ವಿಜಾಪುರದಲ್ಲಿ ಸಾಧ್ಯವಾಗಿತ್ತು. ಸಿದ್ದಿಯೊಬ್ಬ ಶಾಸಕನಾಗಲು ಪ್ರಜಾಪ್ರಭುತ್ವ ಬಂದ ಮೇಲೂ ಏಳು ದಶಕ ಹಿಡಿಯಿತು ಎಂಬುದನ್ನೂ ಮಕ್ಕಳು ತಿಳಿದಿರಬೇಕು.

ಮುಂದಿನ ಎಳ್ಳ ಅಮಾವಾಸ್ಯೆಗೆ ಒಂದು ಕೆಲಸ ಮಾಡಬಹುದು. ಮಕ್ಕಳ ಕೈಗೊಂದು ಇಪ್ಪತ್ತು ಪುಟದ ನೋಟುಬುಕ್ಕು ಕೊಟ್ಟು ದುಬೈಯ ಮಕ್ಕಳ ಹಾಗೆ ಅದನ್ನೇ ಪಾಸ್‌ಪೋರ್ಟ್ ಮಾಡಿಸಬಹುದು. ದೊಡ್ಡ ಹುಣಸೆಯ ಬುಡಕ್ಕೆ ಹಗ್ಗ ಸುತ್ತಿ ಅಳೆದು ಸುತ್ತಳತೆ ಬರೆಯಲಿ. ಉದುರಿದ ಒಂದು ಎಲೆ ಅಂಟಿಸಲಿ. ಅದು ಸೆನೆಗಲ್ಲಿನ ಮುದ್ರೆ. ಇಬ್ರಾಹಿಂ ರೋಜಾದ ಒಂದು ಕಿಟಕಿಯ ಚಿತ್ರ ಬರೆದು ಕೆಳಗೆ ಮಲಿಕ್ ಸಂದಲ್ ಎಂದು ಬರೆಯಲಿ. ಅದು ಇಥಿಯೋಪಿಯದ್ದು. ಟಿಕೋಟಾದ ಹೊಲದಿಂದ ನಾಲ್ಕು ಕಾಳು ಜೋಳ ಸುಡಾನಿಗೆ, ಬಬಲೇಶ್ವರದ ಬುತ್ತಿಯಿಂದ ಒಂದು ಚೂರು ಸಜ್ಜಿ ರೊಟ್ಟಿ ಮಾಲಿಗೆ.

ರೊಟ್ಟಿ ಚೂರು ಪುಸ್ತಕದಲ್ಲಿ ಬಹಳ ದಿನ ಉಳಿಯದು; ಇರುವೆ ತಿಂದು ಹೋದೀತು. ಅದು ಎಲ್ಲಿಂದ ಬಂತೆಂಬ ನೆನಪು ಮಾತ್ರ ಉಳಿದರೆ ಸಾಕು.